ಬೀಗದಕೈ ಎಲ್ಲಿಡೋದು? - ಬ್ರೌಸರ್ ಮತ್ತು ಪಾಸ್‌ವರ್ಡಿನ ಕಥೆ

"ಈ ಪಾಸ್‌ವರ್ಡ್ ಉಳಿಸಲೇ?" ಅಂತ ಬ್ರೌಸರ್ ಕೇಳುತ್ತಲ್ಲ, ನಾವೂ ಹೂಂ ಅಂದು ಮುಂದೆ ಹೋಗ್ತೀವಿ. ಆಮೇಲೆ ಅದು ಎಲ್ಲಿ, ಯಾವ ರೂಪದಲ್ಲಿ ಕೂತಿರುತ್ತೆ ಅಂತ ಯೋಚಿಸಿದ್ದೀರಾ? ನನಗೆ ಈ ಹುಚ್ಚು ಹತ್ತಿ ಹುಡುಕುತ್ತಾ ಹೋದರೆ, ಕಥೆ 1961ಕ್ಕೆ ಹೋಗಿ ನಿಂತಿತು.

ಆ ವರ್ಷ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಾಟೊ ಮತ್ತು ಸಂಗಡಿಗರು ಒಂದೇ ಗಣಕವನ್ನು ಹಲವರು ಒಟ್ಟಿಗೆ ಬಳಸುವ ಸಿಟಿಎಸ್‌ಎಸ್ ವ್ಯವಸ್ಥೆಯನ್ನು ತೋರಿಸಿದರು. ಒಬ್ಬರ ಕಡತ ಇನ್ನೊಬ್ಬರಿಗೆ ಸಿಗಬಾರದಲ್ಲ, ಅದಕ್ಕೆ ಪಾಸ್‌ವರ್ಡ್ ಬಂತು. ಆದರೆ ಎಲ್ಲರ ಪಾಸ್‌ವರ್ಡೂ ಒಂದೇ ಕಡತದಲ್ಲಿ, ಇದ್ದದ್ದು ಇದ್ದ ಹಾಗೇ! 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ತನ್ನ ಪಾಲಿನ ಗಣಕದ ಸಮಯ ಸಾಲಲಿಲ್ಲ. ಆ ಕಡತವನ್ನೇ ಮುದ್ರಿಸು ಅಂತ ಒಂದು ಪಂಚ್ ಕಾರ್ಡ್ ಹಾಕಿದ, ಬೇರೆಯವರ ಪಾಸ್‌ವರ್ಡುಗಳ ಪಟ್ಟಿ ಕೈಗೆ ಬಂತು. 1965-66ರ ಸುಮಾರಿಗೆ ಇನ್ನೂ ತಮಾಷೆ. ದಿನದ ಸಂದೇಶದ ಕಡತವೂ ಪಾಸ್‌ವರ್ಡ್ ಕಡತವೂ ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಊರಿನವರ ಪಾಸ್‌ವರ್ಡುಗಳ ದರ್ಶನವಾಯಿತು.

ಇದಕ್ಕೆ ಮದ್ದು ಹುಡುಕಿದವರಲ್ಲಿ ಮೊದಲಿಗರು ಕೇಂಬ್ರಿಜ್‌ನ ರೋಜರ್ ನೀಡಮ್, ಅದೂ ಅರವತ್ತರ ದಶಕದಲ್ಲೇ. ಪಾಸ್‌ವರ್ಡನ್ನು ಇಟ್ಟುಕೊಳ್ಳಲೇಬೇಡಿ, ರುಬ್ಬಿದ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳಿ ಅನ್ನೋ ಉಪಾಯ ಅದು. (ಹಿಟ್ಟು ನನ್ನ ಮಾತು, ಅವರದ್ದಲ್ಲ!) ಅದೇ ಅಕ್ಕಿ ಹಾಕಿದರೆ ಅದೇ ಹಿಟ್ಟು ಬರುತ್ತೆ, ಆದರೆ ಹಿಟ್ಟಿನಿಂದ ಅಕ್ಕಿ ಮಾಡಲಿಕ್ಕಾಗಲ್ಲ. ಯುನಿಕ್ಸ್ ತಯಾರಿಸಿದ ಕೆನ್ ಥಾಮ್ಸನ್, ಜೊತೆಗೆ ರಾಬರ್ಟ್ ಮಾರಿಸ್, 1979ರ ಲೇಖನದಲ್ಲಿ ಇದಕ್ಕೆ ಉಪ್ಪು ಬೆರೆಸಿದರು. ನಿಜವಾಗಿಯೂ ಅದರ ಹೆಸರು ಸಾಲ್ಟ್ ಅಂತಲೇ. ಒಂದೇ ಪಾಸ್‌ವರ್ಡ್ 4096 ಬೇರೆ ಬೇರೆ ರೂಪ ತಾಳಬಹುದಿತ್ತು. ಇವತ್ತಿಗೂ ಸರಿಯಾಗಿ ಕಟ್ಟಿದ ಜಾಲತಾಣಕ್ಕೆ ನಿಮ್ಮ ಪಾಸ್‌ವರ್ಡ್ ಏನು ಅಂತ ಗೊತ್ತಿರಲ್ಲ, ಹಿಟ್ಟು ಮಾತ್ರ ಗೊತ್ತು.

ಈಗ ಬ್ರೌಸರಿನ ಪೇಚಾಟ ನೋಡಿ. ಜಾಲತಾಣ ಪ್ರತಿ ಸಲವೂ ಅಕ್ಕಿಯನ್ನೇ ಕೇಳುತ್ತೆ. ಹಾಗಾಗಿ ಬ್ರೌಸರ್ ಹಿಟ್ಟು ಇಟ್ಟುಕೊಂಡು ಪ್ರಯೋಜನವಿಲ್ಲ, ಅಕ್ಕಿಯನ್ನೇ ಡಬ್ಬಿಗೆ ಹಾಕಿ ಬೀಗ ಜಡಿಯಬೇಕು. ಬೀಗದಕೈ ಎಲ್ಲಿಡೋದು? ಮುಂದಿನದ್ದೆಲ್ಲ ಈ ಒಂದು ಪ್ರಶ್ನೆಯ ಇತಿಹಾಸ, ಅಷ್ಟೇ.

ಫೈರ್‌ಫಾಕ್ಸ್ ಎರಡನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟಿತು, ಒಂದು ಕಡತದಲ್ಲಿ ಪಾಸ್‌ವರ್ಡು, ಪಕ್ಕದ ಕಡತದಲ್ಲಿ ಕೀಲಿ. ನೀವಾಗಿಯೇ 'ಮಾಸ್ಟರ್ ಪಾಸ್‌ವರ್ಡ್' ಹಾಕಿಕೊಂಡರೆ ಮಾತ್ರ ಆ ಕೀಲಿಗೂ ಒಂದು ರಕ್ಷಣೆ. 2020ರಲ್ಲಿ ಅದರ ಹೆಸರು 'ಪ್ರೈಮರಿ ಪಾಸ್‌ವರ್ಡ್' ಆಯಿತು. ನನ್ನ ಪ್ರಕಾರ ಇದೊಂದು ಒಳ್ಳೆಯ ಸೌಲಭ್ಯ, ಆದರೆ ಹುಡುಕಿಕೊಂಡು ಹೋದವರಿಗಷ್ಟೇ ಸಿಗುತ್ತೆ.

2008ರಲ್ಲಿ ಬಂದ ಕ್ರೋಮ್ ಇನ್ನೊಂದು ದಾರಿ ಹಿಡಿಯಿತು. ಬೀಗದಕೈಯನ್ನು ವಿಂಡೋಸಿಗೇ ಒಪ್ಪಿಸಿತು. ನೀವು ವಿಂಡೋಸಿಗೆ ಲಾಗಿನ್ ಆದರೆ ಬೀಗ ತೆರೆಯುತ್ತೆ. ಬೇರೆಯವರ ಲಾಗಿನ್‌ನಿಂದ ತೆರೆಯಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮ ಸೈಬರ್ ಕೆಫೆಗಳನ್ನು ನೆನಪಿಸಿಕೊಳ್ಳಿ. ಬರಹ, ನುಡಿ ಇದೆಯಾ ಅಂತ ಕೇಳಿಕೊಂಡು ಕೂರುತ್ತಿದ್ದ ಆ ಗಣಕಗಳಲ್ಲಿ ಬಂದವರಿಗೆಲ್ಲ ಒಂದೇ ಲಾಗಿನ್. ವಿಳಾಸದ ಮೊದಲ ಅಕ್ಷರ ಒತ್ತಿದರೆ ಸಾಕು, ಹಿಂದೆ ಕೂತಿದ್ದವರ ಹೆಸರು ಇಳಿಯುತ್ತಿತ್ತು, ಪಾಸ್‌ವರ್ಡ್ ಚುಕ್ಕಿ ಚುಕ್ಕಿಯಾಗಿ ತಾನೇ ತುಂಬಿಕೊಳ್ಳುತ್ತಿತ್ತು. ಲಾಗಿನ್ನೇ ಬೀಗದಕೈ ಅನ್ನೋ ಲೆಕ್ಕ ಅಲ್ಲಿ ನಡೆಯಲ್ಲ.

2013ರಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳವಾಯಿತು. ಕ್ರೋಮಿನ ಸೆಟ್ಟಿಂಗ್ಸಿಗೆ ಹೋಗಿ 'ತೋರಿಸು' ಒತ್ತಿದರೆ ಪಾಸ್‌ವರ್ಡುಗಳೆಲ್ಲ ಕಾಣುತ್ತವೆ ಅಂತ ಎಲಿಯಟ್ ಕೆಂಬರ್ ಬರೆದರು. ಕ್ರೋಮಿನ ಸುರಕ್ಷತೆ ನೋಡಿಕೊಳ್ಳುತ್ತಿದ್ದ ಜಸ್ಟಿನ್ ಶೂ ಉತ್ತರ ಕೊಟ್ಟರು: ನಿಮ್ಮ ಲಾಗಿನ್ ಒಳಗೇ ಕೂತವನಿಗೆ ಅದನ್ನು ಕದಿಯಲು ನೂರು ದಾರಿ, ಇನ್ನೊಂದು ಪರದೆ ಕಟ್ಟಿದರೆ ಸಿಗೋದು ಸುಳ್ಳು ಧೈರ್ಯ. ತಾಂತ್ರಿಕವಾಗಿ ಅವರ ಮಾತು ಸರಿ. ಆದರೆ ಮನೆಗೊಂದೇ ಗಣಕ ಇರುವಲ್ಲಿ ಕಳ್ಳನಿಗಿಂತ ಕುತೂಹಲದ ಭಾವಮೈದನೇ ಜಾಸ್ತಿ, ಅವನಿಗೆ ಪರದೆ ಸಾಕು! ಕೊನೆಗೆ ಕ್ರೋಮ್ ಕೂಡ ತೋರಿಸುವ ಮುಂಚೆ ವಿಂಡೋಸ್ ಪಾಸ್‌ವರ್ಡ್ ಕೇಳತೊಡಗಿತು.

ಶೂ ಹೇಳಿದ ಅಪಾಯ ಮಾತ್ರ ನಿಜವೇ ಆಯಿತು. ನಮ್ಮದೇ ಲಾಗಿನ್‌ನಲ್ಲಿ ಓಡುವ ಕಳ್ಳ ತಂತ್ರಾಂಶಗಳು ಡಬ್ಬಿಯನ್ನು ಸಲೀಸಾಗಿ ತೆಗೆಯುತ್ತಿದ್ದವು. 2024ರಲ್ಲಿ ಕ್ರೋಮ್ 127 ವಿಂಡೋಸಿನಲ್ಲಿ ಕೀಲಿಯನ್ನು ಲಾಗಿನ್ನಿಗಷ್ಟೇ ಅಲ್ಲದೆ ಕ್ರೋಮ್ ತಂತ್ರಾಂಶಕ್ಕೂ ಕಟ್ಟಿಹಾಕಲು ಶುರುಮಾಡಿತು, ಮೊದಲು ಕುಕೀಗಳಿಗೆ. ಹದಿನಾರು ವರ್ಷ ಬೇಕಾಯಿತು ನೋಡಿ.

ಈಗಿನ ಹೊಸ ವರಸೆ ಪಾಸ್‌ಕೀ. 2022ರಿಂದ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಒಟ್ಟಾಗಿ ಇದರ ಬೆನ್ನು ಹತ್ತಿವೆ. ಇದರಲ್ಲಿ ಜಾಲತಾಣ ಅಕ್ಕಿ ಕೇಳುವುದೇ ಇಲ್ಲ. ಗುಟ್ಟಿನ ಕೀಲಿ ನಮ್ಮ ಕಡೆಯೇ ಉಳಿದು, ಒಂದು ಸಹಿ ಮಾತ್ರ ಆಚೆ ಹೋಗುತ್ತೆ.

ಅಂದಹಾಗೆ, ಕಾರ್ಬಾಟೊ 2019ರಲ್ಲಿ 93ನೇ ವಯಸ್ಸಿಗೆ ತೀರಿಕೊಂಡರು. ಅದಕ್ಕೆ ಐದು ವರ್ಷ ಮುಂಚೆ ಪತ್ರಿಕೆಯೊಂದು ಅವರನ್ನು ಮಾತನಾಡಿಸಿತ್ತು. ಪಾಸ್‌ವರ್ಡ್ ತಂದ ಪುಣ್ಯಾತ್ಮರು ತಮ್ಮ ಸುಮಾರು 150 ಪಾಸ್‌ವರ್ಡುಗಳನ್ನು ಟೈಪ್ ಮಾಡಿದ ಮೂರು ಹಾಳೆಗಳಲ್ಲಿ ಇಟ್ಟುಕೊಂಡಿದ್ದರಂತೆ.