ಮಿಸ್ ಕಾಲಿನ ದಾಯಾದಿ

1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಮೊಬೈಲ್ ಬಂದಾಗ ದರದ ಗಡಿಯೂ ಅದೇ ಗೆರೆ ಹಿಡಿಯಿತು. ರಾಯದುರ್ಗ, ಮಡಕಶಿರಾದ ಕನ್ನಡ ಮನೆಗಳಿಗೆ ಆಚೆಯ ನೆಂಟರೂರು ಬಹುಕಾಲ ಎಸ್‌ಟಿಡಿ. ಎರಡು ರಿಂಗ್ ಕೊಟ್ಟು ಇಟ್ಟರೆ ಮಾತ್ರ ಕಾಸಿಲ್ಲದೆ ಸುದ್ದಿ ಮುಟ್ಟುತ್ತಿತ್ತು. ಡಿಎನ್‌ಎಸ್ ಸುರಂಗದ, ಅಂದರೆ ಜಾಲತಾಣದ ಹೆಸರು ವಿಚಾರಿಸುವ ವ್ಯವಸ್ಥೆಯೊಳಗೇ ಮಾಹಿತಿ ಸಾಗಿಸುವ ಉಪಾಯದ, ತರ್ಕವೂ ಇದೇ. ದುಡ್ಡು ಕಟ್ಟದವರಿಗೆ ಎಲ್ಲ ಬಾಗಿಲು ಮುಚ್ಚುವ ಎಷ್ಟೋ ವೈಫೈಗಳು ಹೆಸರು ವಿಚಾರಿಸುವ ಕಿಟಕಿಯನ್ನು ಮಾತ್ರ ತೆರೆದಿಡುತ್ತವೆ. ಇಲ್ಲದಿದ್ದರೆ ದುಡ್ಡು ಕಟ್ಟುವ ಪುಟವೇ ತೆರೆಯದು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಈ ವ್ಯವಸ್ಥೆಯಲ್ಲಿ ಹೆಸರಿನ ಒಂದು ತುಂಡಿಗೆ 63 ಅಕ್ಷರ ಮಿತಿ. ಆ ತುಂಡಿನಲ್ಲೇ ಮಾಹಿತಿ ತುರುಕಿ ಕೇಳಿದರೆ ಉತ್ತರದೊಳಗೆ ಮಾಹಿತಿ ಮರಳುತ್ತದೆ. 2004ರಲ್ಲಿ ಭದ್ರತಾ ಸಂಶೋಧಕ ಡಾನ್ ಕಾಮಿನ್ಸ್ಕಿ ಧ್ವನಿಯನ್ನೂ ಹೀಗೆ ಸಾಗಿಸಿ ತೋರಿಸಿದರು. ಮಿಸ್ ಕಾಲಿಗೆ ಮುಚ್ಚುಮರೆಯಿರಲಿಲ್ಲ, ಹೋಲಿಕೆ ಸಲ್ಲದು ಎನ್ನಬಹುದು. ಒಪ್ಪೋಣ, ದತ್ತಾಂಶ ಕದಿಯುವವರೂ ಈ ದಾರಿ ಹಿಡಿದಿದ್ದಾರೆ. ಆದರೆ ಸುರಂಗವೂ ಪೂರಾ ಗುಟ್ಟಲ್ಲ: ಅರ್ಥವಿಲ್ಲದ ಉದ್ದುದ್ದ ಹೆಸರುಗಳು ಸಾಲುಗಟ್ಟಿದರೆ ಕಾವಲಿನವರಿಗೆ ಅನುಮಾನ ಹತ್ತುತ್ತದೆ.