ರೊಟ್ಟಿಯೊಳಗಿನ ವಿಷ

ಪೆದ್ದೆಮುಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡ ಸೀಮೆಯ ಕನ್ನಡಿಗರಾದ ನಮಗೆ ಜೋಳದ ರೊಟ್ಟಿಯೇ ನಿತ್ಯದ ಅನ್ನ. ಆ ರೊಟ್ಟಿಯೇ ನಮ್ಮ ದಖ್ಖನಿನಲ್ಲಿ ಒಮ್ಮೆ ವಿಷವಾದುದನ್ನು ನಾವು ಮರೆಯಲಾಗದು. 1995ರಲ್ಲಿ ಅಕಾಲ ಮಳೆಗೆ ತೊಯ್ದು ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳಗಳ ರೊಟ್ಟಿ ತಿಂದವರು ಹೊಟ್ಟೆನೋವು, ಭೇದಿಗಳಿಂದ ಬಳಲಿದರು. ಸಮೀಕ್ಷೆ ನಡೆದ 50 ಹಳ್ಳಿಗಳ ಪೈಕಿ 27ರಲ್ಲಿ ಬೇನೆ ಕಂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ರಮೇಶ ಭಟ್ ಮತ್ತು ಸಂಗಡಿಗರು ಪೀಡಿತರ ಮನೆಗಳ ಕಾಳನ್ನು ಪರೀಕ್ಷಿಸಿ, ಫ್ಯುಸೇರಿಯಂ ಶಿಲೀಂಧ್ರದ ಫ್ಯುಮೊನಿಸಿನ್ ವಿಷವನ್ನು ಗುರುತಿಸಿದರು. ಅಂಥ ಕಾಳು ತಿನ್ನಿಸಿದ ಕೋಳಿಮರಿಗಳಿಗೂ ಭೇದಿಯಾಯಿತು.

ಹಂಚಿನ ಕಾವಿಗೆ ಈ ವಿಷ ಪೂರ್ತಿ ಅಳಿಯದು. ಬೂಷ್ಟಿನ ಕಾಳನ್ನು ಎಸೆಯಲು ಬಡವನಿಗೆ ಬೇರೆ ಗತಿಯಿರಬೇಕು. ಚೆನ್ನಾಗಿ ಒಣಗಿಸಿದ ಕಾಳನ್ನೇ ಕಣಜಕ್ಕೆ ತುಂಬುತ್ತಿದ್ದ ಹಿರಿಯರ ಎಚ್ಚರವನ್ನು ನಾವು ಉಳಿಸಿಕೊಳ್ಳೋಣ.