ಗದ್ದಿಗೆಯ ಮಣ್ಣು ಯಾರದು?

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಲಿಂಗೈಕ್ಯರಾದವರನ್ನು ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಪತ್ರಿಗಳೊಡನೆ, ಕುಳ್ಳಿರಿಸಿದ ಭಂಗಿಯಲ್ಲಿಯೇ ಭೂಗತ ಮಾಡುವುದು ಲಿಂಗವಂತರ ಸಂಪ್ರದಾಯವು. ಕೆಲವರ ಸಮಾಧಿಯು ಊರ ರುದ್ರಭೂಮಿಯಲ್ಲಿ, ಕೆಲವರದು ಸ್ವಂತ ಎರೆಹೊಲದ ಬದುವಿನಲ್ಲಿ. ಪ್ರಾಣವು ಲಿಂಗದಲ್ಲಿ ಬೆರೆತ ಬಳಿಕ ಕಾಯವು ಬಯಲೆಂದು ಬಗೆಯುವ ಶರಣಧರ್ಮಕ್ಕೆ ಎಲುಬುಗಳ ಒಡೆತನದ ವಿಚಾರವು ಹೊರಗಿನದೆಂದು ತೋರಬಹುದು. ಆದರೆ ಹೊಲವು ಪರರ ಕೈಸೇರಿದ ದಿನ ಆ ವಿಚಾರವು ತಾನಾಗಿಯೇ ಬಾಗಿಲಿಗೆ ಬಂದು ನಿಲ್ಲುವುದು. ಖರೀದಿಪತ್ರದೊಡನೆ ಅಜ್ಜನ ಗದ್ದಿಗೆಯೂ ಮಾರಾಟವಾಯಿತೇ?

ಮೃತರ ದೇಹಕ್ಕೆ ಅವಮಾನವೆಂದರೇನೆಂಬುದನ್ನು ಈ ಸೀಮೆಯು ಕಣ್ಣಾರೆ ಕಂಡಿದೆ. ೧೮೫೮ನೆಯ ಮೇ ೨೯ರ ರಾತ್ರಿ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬ ಭಾಸ್ಕರರಾವ ಭಾವೆಯವರ ಜನರು ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್ನನನ್ನು ಕೊಂದರು. ಅವನ ಶಿರವನ್ನು ತಂದು ನರಗುಂದದ ಅಗಸಿಗೆ ತೂಗಿದರು. ಜೂನ್ ೧೨ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾಯಿತು, ಸಂಸ್ಥಾನವು ಜಪ್ತಾಯಿತು. ಬಾಬಾಸಾಹೇಬರ ಶೌರ್ಯವನ್ನು ನಾಡು ಕೊಂಡಾಡುವುದು ಯುಕ್ತವೇ. ಅಗಸಿಯ ಆ ಶಿರವನ್ನು ಮಾತ್ರ ಕೊಂಡಾಡಲಾಗದು. ಆದರೆ ಬಂಡೆದ್ದ ಸಿಪಾಯಿಗಳನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿ, ಸಂಸ್ಕಾರಕ್ಕೆ ದೇಹವೇ ಉಳಿಯದಂತೆ ಮಾಡಿದ ಕುಂಪಣಿ ಸರಕಾರಕ್ಕೆ ಈ ಮಾತನ್ನಾಡುವ ಅಧಿಕಾರವಿರಲಿಲ್ಲ.

ಎರಡು ವರ್ಷಗಳ ತರುವಾಯ, ೧೮೬೦ರಲ್ಲಿ, ಇಂಡಿಯನ್ ಪೀನಲ್ ಕೋಡ್ ಹುಟ್ಟಿ ೧೮೬೨ರ ಜನವರಿ ೧ರಿಂದ ಜಾರಿಗೆ ಬಂದಿತು. ಅದರ ೨೯೭ನೆಯ ಕಲಮಿನಂತೆ, ಪರರ ಮನಸ್ಸನ್ನು ನೋಯಿಸುವ ಉದ್ದೇಶದಿಂದಾಗಲಿ, ನೋವಾಗಬಹುದೆಂಬ ಅರಿವಿದ್ದಾಗಲಿ ಸಮಾಧಿಸ್ಥಳದಲ್ಲಿ ಅತಿಕ್ರಮಿಸುವುದು, ಶವವನ್ನು ಅವಮಾನಿಸುವುದು, ಉತ್ತರಕ್ರಿಯೆಗೆ ನೆರೆದವರಿಗೆ ಅಡ್ಡಿಮಾಡುವುದು ಅಪರಾಧ. ಒಂದು ವರ್ಷದವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಇಲ್ಲಿ ಒಡೆತನದ ಸುದ್ದಿಯೇ ಇಲ್ಲದಿರುವುದನ್ನು ವಾಚಕರು ಗಮನಿಸಬೇಕು. ಶವವು ಯಾರ ಸೊತ್ತೂ ಅಲ್ಲವೆಂಬುದು ಇಂಗ್ಲೀಷರ ಹಳೆಯ ನ್ಯಾಯ. ೧೬೧೪ರಲ್ಲಿ ಹೇನ್ಸನೆಂಬವನು ಗೋರಿಗಳನ್ನಗೆದು ಶವವಸ್ತ್ರಗಳನ್ನು ಕದ್ದಾಗ, ಸತ್ತವನಿಗೆ ಸೊತ್ತಿರಲಾರದು, ವಸ್ತ್ರವು ಹೊದಿಸಿದವರದೆಂದು ತೀರ್ಪಾಯಿತು. ೧೮೫೭ರಲ್ಲಿ ಶಾರ್ಪನೆಂಬವನು ತಾಯಿಯ ಶವವನ್ನು ತಂದೆಯ ಬಳಿಯಲ್ಲಿ ಮಣ್ಣುಮಾಡಬೇಕೆಂಬ ಭಕ್ತಿಯಿಂದ ಗೋರಿಯನ್ನು ತೆಗೆಯಿಸಿದನು. ಉದ್ದೇಶವು ಒಳ್ಳೆಯದೆಂದು ಒಪ್ಪಿದ ನ್ಯಾಯಾಧೀಶರೂ ಅವನನ್ನು ದೋಷಿಯೆಂದೇ ಎಣಿಸಿದರು. ಹೆತ್ತ ತಾಯಿಯ ದೇಹದ ಮೇಲೆ ಮಗನಿಗೂ ಸ್ವಾಮ್ಯವಿಲ್ಲ!

ಹಾಗಾದರೆ ಹೊಲ ಕೊಂಡವನಿಗೆ? ಇದಕ್ಕೆ ೧೮೯೬ರ ಅಲಾಹಾಬಾದ್ ಹೈಕೋರ್ಟಿನ ತೀರ್ಪು ದಾರಿತೋರುವುದು. ಕೆಲವರು ಭೂಮಿಯ ಮಾಲಿಕನ ಒಪ್ಪಿಗೆಯಿಂದಲೇ ಸ್ಮಶಾನದೊಳಹೊಕ್ಕು ಗೋರಿಗಳ ಮೇಲೆ ನೇಗಿಲು ಹಾಯಿಸಿದ್ದರು. ಮಾಲಿಕನ ಒಪ್ಪಿಗೆಯು ಅವರನ್ನು ಉಳಿಸಲಿಲ್ಲ. ಪರರಿಗೆ ನೋವಾಗುವುದೆಂದು ಬಲ್ಲವರಿಗೆ ೨೯೭ನೆಯ ಕಲಮು ತಗಲುವುದೆಂದು ಹೈಕೋರ್ಟು ಹೇಳಿತು. ಎಂದರೆ ಮಣ್ಣಿನ ಒಡೆಯನಾದಮಾತ್ರಕ್ಕೆ ಮಣ್ಣಿನೊಳಗಿನವರ ನೆಮ್ಮದಿಯನ್ನು ಕೆಡಿಸುವ ಹಕ್ಕು ಯಾರಿಗೂ ಬಾರದು. ಮರಣದ ತನಿಖೆಗಾಗಿ ಶವವನ್ನು ಹೊರತೆಗೆಯಿಸುವ ಅಧಿಕಾರವು ಮ್ಯಾಜಿಸ್ಟ್ರೇಟರಿಗುಂಟು. ೨೦೨೪ರ ಜುಲೈ ೧ರಿಂದ ಪೀನಲ್ ಕೋಡಿನ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆಯು ಬಂದಿದ್ದು, ಹಳೆಯ ೨೯೭ನೆಯ ಕಲಮೇ ಅದರಲ್ಲಿ ೩೦೧ನೆಯದಾಗಿ ನಿಂತಿದೆ.

ಆದರೆ ಈ ಕಲಮಿನ ಜೀವವು ‘ಅರಿವು’ ಎಂಬ ಮಾತಿನಲ್ಲಿದೆ. ಗುರುತಿನ ಕಲ್ಲಿಲ್ಲದೆ, ಮನೆಯವರೂ ಮರೆತು, ಬದುವಿನೊಡನೆ ಸಮವಾಗಿಹೋದ ಗದ್ದಿಗೆಯ ಮೇಲೆ ಅರಿಯದೆ ನೇಗಿಲು ಹಾಯಿಸಿದವನನ್ನು ಯಾವ ಕೋರ್ಟೂ ಅಪರಾಧಿಯೆನ್ನಲಾರದು. ಆದುದರಿಂದ ಹೊಲವನ್ನು ಮಾರುವ ಭಕ್ತರು ಹಿರಿಯರ ಸಮಾಧಿಗೆ ಕಲ್ಲು ನೆಡಿಸಿ, ಅದರ ಚಕ್ಕುಬಂದಿಯನ್ನೂ ವರುಷಕ್ಕೊಮ್ಮೆ ಪೂಜೆಗೆ ಹೋಗಿಬರುವ ಹಾದಿಯನ್ನೂ ಖರೀದಿಪತ್ರದಲ್ಲಿಯೇ ಬರೆಯಿಸುವುದು ಲೇಸು.